ಅಕ್ಕೋರ ಮೂಗು

ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಸೇರಿ ಅಕ್ಕೋರನ್ನು ಇನ್ನೊಂದು ಸಲ ಸಾಯಿಸಿದರು. ಸಿಟ್ಟಿನ ಮಾತು ಅನ್ನಿಸಿದರೆ ಅನ್ನಿಸಲಿ, ನನಗೆ ಸಿಟ್ಟೇ ಬಂದಿದೆ. ಕೊಪ್ಪಳದ ಒಂದು ಸಣ್ಣ ಸಭಾಭವನ. ಫೋಟೋಕ್ಕೆ ಪ್ಲಾಸ್ಟಿಕ್ ಮಲ್ಲಿಗೆ ಹಾರ. ನಮ್ಮ ಹಳೆಯ ಹೆಡ್‌ಮಾಸ್ತರರು ಮೈಕಿಗೆ ಬಾಯಿ ಹಚ್ಚಿ, ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಅವರ ಅಗಲಿಕೆ ಶಿಕ್ಷಣ ಕ್ಷೇತ್ರಕ್ಕೆ ತುಂಬಲಾರದ ನಷ್ಟ’ ಎಂದರು. ಆಮೇಲೆ ಬಂದವರೂ ಅದನ್ನೇ ಮುಂದಿನದು ಹಿಂದೆ, ಹಿಂದಿನದು ಮುಂದೆ ಮಾಡಿ ಹೇಳಿದರು. ಅಕ್ಕೋರು ಜೀವಂತ ಇದ್ದು ನನ್ನ ಪಕ್ಕ ಕೂತಿದ್ದರೆ ಕಿವಿಯಲ್ಲಿ ಏನು ಅನ್ನುತ್ತಿದ್ದರು ಎಂಬುದು ನನಗೆ ಗೊತ್ತು. ‘ಗೈಡಿನ ವಾಸನಿ ಬರಾಕತ್ತೈತಿ ತಂಗಿ, ಆ ಕಿಟಕಿ ತಗಿ.’

ಅವರು ನಮ್ಮ ಸಾಲೆಯ ಕನ್ನಡದ ಅಕ್ಕೋರು. ನಾನು ಅಲ್ಲೇ ವಿಜ್ಞಾನ ಕಲಿಸುತ್ತಿದ್ದೆ. ಗಿಣಿಗೇರಾ ದಾಟಿ ಸ್ವಲ್ಪ ಮುಂದೆ, ಒಂದು ಕಾರ್ಖಾನೆಯ ಬೆನ್ನಿಗೆ ಅಂಟಿಕೊಂಡಿದ್ದ ಊರು. ಅದರ ಹೆಸರು ಬೇಡ. ನಾನು ಕುಷ್ಟಗಿಯವಳು, ಅವರು ಯಲಬುರ್ಗಾದ ಕಡೆಯವರು. ಇಬ್ಬರೂ ಕೊಪ್ಪಳದಲ್ಲಿ ಮನೆ ಮಾಡಿಕೊಂಡು ದಿನಾ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ನನಗಿಂತ ಬಹಳ ದೊಡ್ಡವರು. ಎತ್ತರದ ಆಳು, ಇಳಕಲ್ ಸೀರೆ, ಮುಖದ ತುಂಬ ಮೂಗು. ಆ ಮೂಗಿನ ಬಗ್ಗೆ ಅವರಿಗೆ ಬಹಳ ಹೆಮ್ಮೆ. ‘ನಮ್ಮಪ್ಪ ಆಸ್ತಿ ಎಲ್ಲಾ ನನ್ನ ತಮ್ಮಗ ಕೊಟ್ಟ, ಮೂಗು ನನಗ ಕೊಟ್ಟ’ ಎನ್ನುತ್ತಿದ್ದರು. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತು, ಹಿಂದಿನ ಸೀಟಿನವರ ಗಂಟಿನಲ್ಲಿ ಏನಿದೆ ಎಂದು ಮೂಸಿ ಹೇಳುವುದು ಅವರ ಆಟ. ಒಮ್ಮೆ ‘ಮೆಂತ್ಯ ಸೊಪ್ಪು, ಹಸೀದು, ಇವತ್ತ ಕಿತ್ತದ್ದು’ ಎಂದರು. ನಾನು ಎದ್ದು ತಿರುಗಿ ನೋಡಿದೆ. ಒಬ್ಬ ಮುದುಕ ಹೊಸ ಚಪ್ಪಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ‘ಹೋಗ್ಲಿ ಬಿಡು, ಚಪ್ಪಲಿ ಅಂಗಡ್ಯಾಂವ ಮೆಂತ್ಯ ತಿಂದಿರಬೇಕು’ ಎಂದು ಸೋಲೊಪ್ಪದೆ ಮತ್ತೆ ಕಣ್ಣು ಮುಚ್ಚಿದರು.

ನಮ್ಮ ಮಕ್ಕಳು ನಿಬಂಧ ಬರೆಯುತ್ತಿದ್ದ ರೀತಿ ಹೇಳಬೇಕು. ಆ ಊರಲ್ಲಿ ಹಸುರು ಎಂದರೆ ಜಾಲಿ ಗಿಡ, ಅದೂ ಕರಿ ಪುಡಿ ಮೆತ್ತಿಕೊಂಡು ನಿಂತದ್ದು. ಹುಡುಗರು ಮಾತ್ರ ಗೈಡು ನೋಡಿ, ‘ನಮ್ಮ ಊರು ಹಚ್ಚಹಸುರಿನಿಂದ ಕಂಗೊಳಿಸುತ್ತದೆ, ಜುಳುಜುಳು ಹರಿಯುವ ನದಿಯು ರಮಣೀಯವಾಗಿದೆ’ ಎಂದು ಬರೆಯುತ್ತಿದ್ದರು. ಅಕ್ಕೋರು ಬಂದ ಹೊಸದರಲ್ಲಿ ಅಂಥ ಒಂದು ನಿಬಂಧದ ನೋಟುಪಟ್ಟಿಯನ್ನು ಮೂಗಿಗೆ ಹಿಡಿದು ಮೂಸಿದರು. ಇಡೀ ಕ್ಲಾಸು ನಕ್ಕಿತು.

‘ಇದರಾಗ ನಿನ್ನ ವಾಸನಿ ಇಲ್ಲೋ ಮಗನ. ನದಿ ಎಲ್ಲೈತಿ? ಹೋಗೂಣು ನಡಿ, ಕೈಕಾಲು ತೊಳಕೊಂಡು ಬರೂಣು.’

ಹುಡುಗ ತಲೆ ತಗ್ಗಿಸಿ, ‘ನದಿ ಇಲ್ರಿ ಅಕ್ಕೋರ, ಗಟಾರ ಐತ್ರಿ’ ಎಂದ.

‘ಹಂಗಾರ ಗಟಾರನ ಬರಿ. ಬರಿಯೂ ಮುಂದ ಅದರ ದಂಡಿಗೆ ಹೋಗಿ ನಿಂದ್ರು. ಮೂಗು ಮುಚ್ಚಿಕೋಬ್ಯಾಡ.’

ಅವನು ಹೋಗಿ ನಿಂತು ಬಂದು ಬರೆದ. ಗಟಾರದ ಮೇಲಿನ ನೀರು ಸಾಬೂನಿನ ವಾಸನೆ, ಕೋಲು ಹಾಕಿ ಕಲಕಿದರೆ ಕೆಳಗಿನದು ಬೇರೆ ವಾಸನೆ ಎಂದು ಬರೆದಿದ್ದ. ಅಕ್ಕೋರು ಆ ಪಟ್ಟಿಯನ್ನು ಸ್ಟಾಫ್ ರೂಮಿಗೆ ತಂದು, ನಾವೆಲ್ಲ ರೊಟ್ಟಿ ಬಿಚ್ಚಿದ ಹೊತ್ತಿಗೆ ಸರಿಯಾಗಿ, ಜೋರಾಗಿ ಓದಿದರು. ಗುರೆಳ್ಳು ಚಟ್ನಿ ನನ್ನ ಗಂಟಲಲ್ಲಿ ನಿಂತಿತು. ಹೆಡ್‌ಮಾಸ್ತರರು ಡಬ್ಬಿ ಮುಚ್ಚಿಕೊಂಡು ಎದ್ದು ಹೋದರು. ‘ನೋಡ್ರಿ, ಬರದ್ದು ಹೊಟ್ಟಿಗೆ ಮುಟ್ಟಿತು’ ಎಂದು ಅಕ್ಕೋರಿಗೆ ಖುಷಿಯೋ ಖುಷಿ.

ಅವರ ಚೀಲದಲ್ಲಿ ಯಾವಾಗಲೂ ಕಾಗದದ ಪುಡಿಕೆಗಳು. ಸಾಸಿವೆ, ಬೇವಿನ ಎಲೆ, ತುಕ್ಕು ಹಿಡಿದ ಮೊಳೆ, ಹಳೇ ಬೆಲ್ಲ, ಮಳೆ ಬಿದ್ದ ದಿನ ಹೊಲದಿಂದ ತಂದ ಎರೆ ಮಣ್ಣು. ಮಕ್ಕಳನ್ನು ಕಣ್ಣು ಮುಚ್ಚಿಸಿ ಕೂರಿಸಿ, ಒಂದೊಂದು ಪುಡಿಕೆ ಮೂಗಿನ ಹತ್ತಿರ ಒಯ್ಯುವರು. ‘ಇದೇನು ಅಂತ ನಾ ಕೇಳಾಕತ್ತಿಲ್ಲ. ಇದು ನಿಮ್ಮನ್ನ ಎಲ್ಲಿಗೆ ಕರಕೊಂಡು ಹೋತು, ಅದನ್ನ ಬರೀರಿ.’ ನಾನು ಬಾಗಿಲಲ್ಲಿ ನಿಂತು ಇಣುಕಿದರೆ, ‘ಬರ್ರಿ ಸೈನ್ಸ್ ಟೀಚರ್, ನಿಮ್ಮ ಲ್ಯಾಬಿನ ಕೊಳತ ತತ್ತಿ ವಾಸನಿ ತಂದೀರೇನು?’ ಎಂದು ಕೆಣಕುವರು. ನಮ್ಮ ಲ್ಯಾಬು ಎಂದರೆ ಒಂದು ಕಪಾಟು. ಅದರ ಕೀಲಿಯೂ ಹೆಡ್‌ಮಾಸ್ತರರ ಹತ್ತಿರ.

ಹಾಗೆ ಒಂದು ದಿನ ಒಂಬತ್ತನೆಯ ಕ್ಲಾಸಿನ ಒಬ್ಬ ಹುಡುಗಿಗೆ ಅಜವಾನದ, ಅಂದರೆ ಓಮಕಾಳಿನ ಪುಡಿಕೆ ಸಿಕ್ಕಿತು. ಮಾತಾಡದ ಹುಡುಗಿ, ಹಾಜರಿ ಕೂಗಿದರೂ ಕೈ ಎತ್ತುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಅವಳು ಬರೆದಳು: ತಮ್ಮ ಹುಟ್ಟಿದಾಗ ಅವ್ವನ ಹೊರಸಿನ ಕೆಳಗೆ ಕೆಂಡ ಇಟ್ಟು ಅಜ್ಜಿ ಅಜವಾನ ಉದುರಿಸುತ್ತಿದ್ದಳು, ಚಟಪಟ ಸದ್ದು, ಹೊಗೆಯಲ್ಲಿ ಅವ್ವನ ಮುಖ ಕಾಣುತ್ತಿರಲಿಲ್ಲ, ತಮ್ಮ ಸೀನುತ್ತಿದ್ದ, ಆ ಹೊಗೆ ಇರುವಷ್ಟು ದಿನ ಅಪ್ಪ ಅವ್ವನನ್ನು ಬೈಯಲಿಲ್ಲ.

ಅಕ್ಕೋರು ಆ ಪಟ್ಟಿಯನ್ನು ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಇಟ್ಟರು. ಇಳಿಯುವಾಗ ಹೇಳಿದರು, ‘ನಾ ಇಷ್ಟು ವರ್ಷ ಯಾರಿಗೆ ಕಾಯಾಕತ್ತಿದ್ನೋ ಆಕಿ ಬಂದಾಳ ತಂಗಿ.’

ಎಲ್ಲ ಕೆಟ್ಟದ್ದು ಆಮೇಲಿನ ವರ್ಷ. ಕಾರ್ಖಾನೆಯವರು ಸಾಲೆಗೆ ಡೆಸ್ಕುಗಳನ್ನು ಕೊಟ್ಟರು. ಕೊಟ್ಟ ಮೇಲೆ ಕಾರ್ಯಕ್ರಮ ಆಗಬೇಕಲ್ಲ, ಶಾಮಿಯಾನ ಹಾಕಿದರು. ದೊಡ್ಡ ಸಾಹೇಬರು, ಊರ ಹಿರಿಯರು, ತಾಯಂದಿರು, ಗುತ್ತಿಗೆದಾರರು ಎಲ್ಲರಿಗೂ ಕರೆ. ‘ನಮ್ಮ ಊರು’ ಎಂಬ ನಿಬಂಧವನ್ನು ಒಂದು ಮಗು ವೇದಿಕೆಯ ಮೇಲೆ ಓದಲಿ ಎಂದು ಹೆಡ್‌ಮಾಸ್ತರರು ನಿಶ್ಚಯಿಸಿದರು. ‘ಛಲೋದೊಂದು ಆರಿಸಿ ಕೊಡ್ರಿ ಅಕ್ಕೋರ’ ಎಂದರು. ಅವರು ಕಂಗೊಳಿಸುವ ಊರನ್ನು ಕೇಳಿದ್ದರು. ಅಕ್ಕೋರು ನಿಜಕ್ಕೂ ಛಲೋದನ್ನೇ, ಆ ಅಜವಾನದ ಹುಡುಗಿ ಬರೆದದ್ದನ್ನು, ಆರಿಸಿದರು.

ನಾನು ಅದನ್ನು ಬಸ್ಸಿನಲ್ಲಿ ಓದಿ ಬೆವತೆ. ‘ಇದು ಬ್ಯಾಡ್ರಿ ಅಕ್ಕೋರ. ಆಕಿ ಆಡಿನ ಮರಿದು ಬರದಾಳಲ್ಲ, ಅದನ್ನ ಓದಸ್ರಿ. ಆಕಿ ಅಪ್ಪ ಅಲ್ಲೇ ದುಡಿತಾನ್ರಿ.’

‘ಇದರಾಗ ಸುಳ್ಳು ಒಂದರ ಐತೇನು?’

‘ಇಲ್ಲ, ಅದಕ್ಕ ಬ್ಯಾಡ ಅನ್ನಾಕತ್ತೀನಿ.’

‘ಯಾರನ್ನೂ ಬೈದಿಲ್ಲ ತಂಗಿ, ಬರೀ ಕಂಡದ್ದು, ಕೇಳಿದ್ದು. ಆ ಸಾಹೇಬಗೂ ಮೂಗು ಐತಲ್ಲ. ಒಂದು ಕೂಸಿನ ಬಾಯಾಗ ಕೇಳಿದ್ರ ಒಂದ್ ನಾಕ್ ಹನಿ ನೀರಾದ್ರೂ ರಸ್ತೆಗೆ ಹೊಡಸ್ತಾರ.’

ಅಷ್ಟು ಬುದ್ಧಿವಂತ ಹೆಣ್ಣುಮಗಳು ಇಷ್ಟು ದಡ್ಡಿ ಆಗಿದ್ದು ಹೇಗೆ ಎಂದು ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಚಂದ ಬರೆದರೆ ಓದಿದವರ ಮನಸ್ಸು ಕರಗುತ್ತದೆ ಎಂದು ಅವರು ಖಂಡಿತ ನಂಬಿದ್ದರು. ಆ ನಂಬಿಕೆಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಹುಡುಗಿ ಎರಡು ಜಡೆ ಹಾಕಿಕೊಂಡು ಮೈಕಿನ ಮುಂದೆ ನಿಂತಳು. ಮೊದಲಿಗೆ ದನಿ ನಡುಗಿತು, ಆಮೇಲೆ ಗಟ್ಟಿಯಾಯಿತು.

‘ನಮ್ಮ ಊರಿನಲ್ಲಿ ಸೂರ್ಯನಿಗಿಂತ ಮೊದಲು ಕಸಬರಿಗೆ ಏಳುತ್ತದೆ. ಎಲ್ಲರ ಮಾಳಿಗೆಯ ಮೇಲೂ ಕರಿ ಪುಡಿ ಬಿದ್ದಿರುತ್ತದೆ. ಅದು ಕಾಡಿಗೆಯಂತೆ ಅಂಟುವುದಿಲ್ಲ, ಸಣ್ಣ ಉಸುಕಿನಂತೆ ಬೆರಳಲ್ಲಿ ಜಾರುತ್ತದೆ. ಅವ್ವ ಹಿಟ್ಟನ್ನು ಮತ್ತೆ ಮತ್ತೆ ಸಾಣಿಸುತ್ತಾಳೆ, ಆದರೂ ರೊಟ್ಟಿ ಹಲ್ಲಿಗೆ ಕರಕರ ಎನ್ನುತ್ತದೆ. ಬಿಳಿ ಅಂಗಿ ಒಣಗಲು ಹಾಕಿದರೆ ಸಂಜೆಗೆ ಬೂದಿ ಬಣ್ಣ. ಅಪ್ಪ ಕೆಲಸದಿಂದ ಬಂದಾಗ ಅವನ ಎದೆಗೆ ಮುಖ ಇಟ್ಟರೆ ಹಳೇ ಬಾವಿಯ ತುಕ್ಕು ಗಡಗಡೆಯ ವಾಸನೆ. ಅವನು ಉಗುಳಿದ್ದು ಕರಿ. ಅಪ್ಪ ಓಣಿಗೆ ಬಂದದ್ದು ನಮಗೆ ಅವನ ಕೆಮ್ಮಿನಿಂದ ಗೊತ್ತಾಗುತ್ತದೆ. ನಮ್ಮ ನಾಯಿಗೂ ಗೊತ್ತಾಗುತ್ತದೆ, ಬಾಲ ಅಲ್ಲಾಡಿಸುತ್ತದೆ.’

ತಾಯಂದಿರ ಸಾಲಿನಿಂದ ಯಾರೋ ‘ಖರೇ ಐತಿ ನೋಡವಾ’ ಎಂದರು. ಹೆಡ್‌ಮಾಸ್ತರರ ಮುಖ ರೊಟ್ಟಿ ಹಂಚಿನ ಹಾಗೆ ಕಪ್ಪಿಟ್ಟಿತು. ಸಾಹೇಬರು ಮಾತ್ರ ನಗುನಗುತ್ತ ಚಪ್ಪಾಳೆ ತಟ್ಟಿದರು. ‘ಹುಡುಗಿಗೆ ಭಾಳ ಒಳ್ಳೆ ಕಲ್ಪನಾಶಕ್ತಿ ಇದೆ’ ಎಂದು ಹೊಗಳಿ ಒಂದು ಪೆನ್ನು ಕೊಟ್ಟರು. ಅಕ್ಕೋರು ನನ್ನ ಕಡೆ ತಿರುಗಿ, ನಾ ಹೇಳಿದ್ದು ಹೌದೋ ಅಲ್ಲೋ ಎಂಬಂತೆ ಹುಬ್ಬು ಹಾರಿಸಿದರು.

ವಾರ ಕಳೆಯುವುದರೊಳಗೆ ಹುಡುಗಿಯ ಅಪ್ಪನನ್ನು ಗೇಟಿನಲ್ಲಿ ನಿಲ್ಲಿಸಿ ವಾಪಸು ಕಳಿಸಿದರು. ಯಾಕೆ ಎಂದು ಯಾರೂ ಹೇಳಲಿಲ್ಲ. ಹೇಳುವ ಜನ ಅಲ್ಲ ಅವರು. ಗುತ್ತಿಗೆದಾರ ‘ಕೆಲಸ ಕಮ್ಮಿ ಐತಿ’ ಎಂದನಂತೆ, ಅದೇ ದಿನ ಅವನ ಜಾಗಕ್ಕೆ ಬೇರೆಯವನು ಬಂದನಂತೆ.

ಅಕ್ಕೋರು ಸಾಹೇಬರನ್ನು ಕಾಣಲು ಕಾರ್ಖಾನೆಗೆ ಹೋದರು. ಗೇಟಿನ ಹೊರಗೆ ಕಲ್ಲಿನ ಮೇಲೆ ಬಿಸಿಲಲ್ಲಿ ಕೂರಿಸಿ, ಮಧ್ಯಾಹ್ನ ದಾಟಿದ ಮೇಲೆ ‘ಸಾಹೇಬರು ಊರಾಗಿಲ್ಲ’ ಎಂದು ಕಳಿಸಿದರು. ಅಲ್ಲಿಂದ ನೇರ ಸಾಲೆಗೆ ಬಂದು, ನನ್ನನ್ನು ಕರೆದುಕೊಂಡು ಹುಡುಗಿಯ ಮನೆಗೆ ನಡೆದರು. ಅವಳ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎದ್ದು ಚಾಪೆ ಹಾಸಿ, ನೀರು ಕೊಟ್ಟು, ಮತ್ತೆ ಹೋಗಿ ರೊಟ್ಟಿಗೆ ಕೂತಳು. ಹುಡುಗಿ ಆಡಿಗೆ ಮೇವು ಹಾಕುವ ಗ್ವಾದಲಿಯ ಹತ್ತಿರ ಗೋಡೆಗೆ ಮುಖ ಮಾಡಿ ನಿಂತಿದ್ದಳು.

‘ತಪ್ಪಾತವಾ, ನನ್ನಿಂದ ಆತು. ನಾ ಏನರ ಮಾಡ್ತೀನಿ’ ಎಂದರು ಅಕ್ಕೋರು.

ಆ ತಾಯಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಲೇ ಹೇಳಿದಳು, ‘ನೀವು ನನ್ನ ಮಗಳಿಗೆ ಹೊಸಾದೇನು ಕಲಿಸೀರಿ ಅಕ್ಕೋರ? ನಮಗ ವಾಸನಿ ಬರ್ತಿದ್ದಿಲ್ಲೇನ್ರಿ? ರೊಟ್ಟಿ ಕರಕರ ಅನ್ನೂದು ನಮಗ ಗೊತ್ತಿದ್ದಿಲ್ಲೇನ್ರಿ? ಎಲ್ಲಾ ಗೊತ್ತಿತ್ರಿ. ಗೊತ್ತಿದ್ದು ಬಾಯಿ ಮುಚ್ಚಿಕೊಂಡು ಉಂಡಿದ್ವಿ. ನೀವು ಊರ ಮುಂದ ಆಕಿ ಬಾಯಿ ತಗಿಸಿದ್ರಿ.’

ಅಕ್ಕೋರು ಚಾಪೆಯ ಮೇಲೆ ಕೂತವರು ಏಳಲಿಲ್ಲ. ನಾನೇ ಕೈ ಹಿಡಿದು ಎಬ್ಬಿಸಬೇಕಾಯಿತು. ಬಾಗಿಲಲ್ಲಿ ನಿಂತು ಹುಡುಗಿಗೆ ಒಂದೇ ಮಾತು ಹೇಳಿದರು, ‘ಬರಿಯೂದು ಬಿಡಬ್ಯಾಡ ನನ್ನವ್ವ.’ ಹುಡುಗಿ ತಿರುಗಿ ನೋಡಲಿಲ್ಲ.

ಅವಳು ಸಾಲೆ ಬಿಡಲಿಲ್ಲ, ಹತ್ತನೆಯದು ಮುಗಿಸಿದಳು. ಅಪ್ಪನಿಗೆ ಎಲ್ಲೆಲ್ಲೋ ಕಲ್ಲು ಹೊರುವ ಕೂಲಿ ಸಿಕ್ಕಿತು. ಆದರೆ ಆ ದಿನದಿಂದ ಅವಳ ನಿಬಂಧದಲ್ಲಿ ನಮ್ಮ ಊರು ಹಚ್ಚಹಸುರಿನಿಂದ ಕಂಗೊಳಿಸತೊಡಗಿತು.

ಅಕ್ಕೋರಿಗೆ ಕೊಟ್ಟ ಶಿಕ್ಷೆ ನೋಡಿ, ಅದನ್ನು ಯೋಚಿಸಿದ ತಲೆಗೆ ಕೈ ಮುಗಿಯಬೇಕು. ದೂರದ ಊರಿಗೆ ಎತ್ತಿ ಒಗೆಯಲಿಲ್ಲ. ‘ನಿಮ್ಮ ಬರವಣಿಗಿ ಭಾಳ ಛಲೋ ಐತಿ’ ಎಂದು ಹೇಳಿ ಕೊಪ್ಪಳದ ಒಂದು ಕಚೇರಿಗೆ, ಕಾರ್ಯಕ್ರಮಗಳ ವರದಿ ಬರೆಯುವ ಕೆಲಸಕ್ಕೆ ನಿಯೋಜನೆ ಮಾಡಿದರು. ಪುಡಿಕೆ ಹಿಡಿದು ಮಕ್ಕಳ ಮೂಗು ತೆರೆಸುತ್ತಿದ್ದವರು ನಿವೃತ್ತಿಯವರೆಗೂ ಅಲ್ಲಿ ‘ಗಣ್ಯರು ಜ್ಯೋತಿ ಬೆಳಗಿಸಿದರು, ಕಾರ್ಯಕ್ರಮವು ಯಶಸ್ವಿಯಾಗಿ ಜರುಗಿತು’ ಎಂದು ಬರೆದರು. ಸಂಜೆ ಸಿಕ್ಕರೆ, ‘ಇವತ್ತ ಎಲ್ಲೆಲ್ಲಿ ಯಶಸ್ವಿ ಆದ್ರಿ ಅಕ್ಕೋರ?’ ಎಂದು ನಾನು ಕೇಳುವುದು. ‘ಬೆಳಿಗ್ಗೆ ಅಳವಂಡ್ಯಾಗ, ಮಧ್ಯಾಹ್ನ ಗಂಗಾವತ್ಯಾಗ. ನಾ ಕುರ್ಚಿ ಬಿಟ್ಟು ಎದ್ದಿಲ್ಲ ತಂಗಿ, ಜಿಲ್ಲಾ ಎಲ್ಲಾ ಜರುಗೈತಿ’ ಎಂದು ಅವರು ನಗುವುದು. ಆ ನಗು ನೋಡಲು ಆಗುತ್ತಿರಲಿಲ್ಲ.

ಒಮ್ಮೆ ಖುದ್ದಾಗಿ ಹೋಗಿದ್ದ ಕಾರ್ಯಕ್ರಮವೊಂದರ ವರದಿಯಲ್ಲಿ, ತಡೆಯಲಾರದೆ, ‘ಭಾಷಣ ಮುಗಿಯುವಷ್ಟರಲ್ಲಿ ಲಿಂಬು ಶರಬತ್ತು ಬಿಸಿಯಾಗಿತ್ತು, ಮುಂದಿನ ಸಾಲಿನಲ್ಲಿ ಗೊರಕೆ ಕೇಳುತ್ತಿತ್ತು’ ಎಂದು ಬರೆದುಬಿಟ್ಟರಂತೆ. ಮೇಲಿನವರು ಕರೆದು, ‘ನಿಮ್ಮ ಹಳೇ ಚಾಳಿ ಇನ್ನೂ ಹೋಗಿಲ್ಲೇನ್ರಿ?’ ಎಂದರಂತೆ. ಚಾಳಿ ಎಂಬ ಮಾತನ್ನು ಅಕ್ಕೋರು ಬಹಳ ದಿನ ಬಾಯಲ್ಲಿ ಇಟ್ಟುಕೊಂಡು ಚಪ್ಪರಿಸಿದರು. ಆಮೇಲೆ ಹಾಗೆ ಬರೆಯಲಿಲ್ಲ. ಚೀಲದಲ್ಲಿ ಪುಡಿಕೆ ಇಡುವುದನ್ನೂ ನಿಲ್ಲಿಸಿದರು.

ಕೊನೆಗೆ ಜಡ್ಡು ಬಿದ್ದು ಯಲಬುರ್ಗಾದಲ್ಲಿ ತಮ್ಮನ ಮನೆಯಲ್ಲಿ ಇದ್ದಾಗ ನೋಡಲು ಹೋಗಿದ್ದೆ. ಆ ದೊಡ್ಡ ದೇಹ ಕರಗಿ ಮೂಗೊಂದೇ ಉಳಿದಿತ್ತು. ಔಷಧದ ದೆಸೆಯಿಂದ ಏನೂ ವಾಸನೆ ಹತ್ತುವುದಿಲ್ಲ ಎಂದು ಅವರ ನಾದಿನಿ ಹೇಳಿದಳು. ನಾನು ಒಯ್ದಿದ್ದ ಪೇರಲ ಹಣ್ಣನ್ನು ಮೂಗಿಗೆ ಹಿಡಿದುಕೊಂಡು ಬಹಳ ಹೊತ್ತು ಕಾದರು. ಆಮೇಲೆ ಕೆಳಗಿಟ್ಟರು.

‘ಆ ಹುಡುಗಿ ಬರೀತಾಳೇನು ತಂಗಿ?’

‘ನನಗ ಗೊತ್ತಿಲ್ರಿ ಅಕ್ಕೋರ.’

‘ಒಮ್ಮೆ ನೋಡಿ ಬಾ. ಆಕಿ ಒಂದು ಸಾಲು ಬರದ್ರೂ ಸಾಕು, ನಾ ಆಕಿ ಮನಿ ಅನ್ನ ಕಳದದ್ದಕ್ಕ ಏನೋ ಒಂದು ಉಳೀತು ಅನ್ಕೋತೀನಿ.’

ನಾನು ನೋಡಲು ಹೋಗುವ ಮೊದಲೇ ಅವರು ಹೋದರು.

ಶ್ರದ್ಧಾಂಜಲಿ ಸಭೆಯಲ್ಲಿ ಸ್ಮರಣ ಸಂಚಿಕೆ ತರಬೇಕೆಂದು ನಿರ್ಧಾರವಾಯಿತು. ಸಂಪಾದಕರು ಯಾರು ಗೊತ್ತೇ? ಹೆಡ್‌ಮಾಸ್ತರರು! ‘ಶಿಷ್ಯರದೂ ಒಂದು ಬರಹ ಇರಲಿ, ನೀವ ತಂದು ಕೊಡ್ರಿ ಟೀಚರ್. ವಿವಾದ ಬ್ಯಾಡ ಮತ್ತ’ ಎಂದು ನನಗೇ ಹಚ್ಚಿದರು. ನನಗೆ ಬೇಕಾಗಿದ್ದೂ ಅದೇ. ಹುಡುಗಿಯನ್ನು ಹುಡುಕಬೇಕಾಗಲಿಲ್ಲ, ಬಾಣಂತನಕ್ಕೆ ತವರಿಗೆ ಬಂದಿದ್ದಳು. ವಿಷಯ ಹೇಳಿ ಕಳಿಸಿದೆ. ಬರೆದಿಡುತ್ತೇನೆ ಎಂದಳು. ಬಾಣಂತಿಗೆಂದು ಅಂಟಿನ ಉಂಡಿ ಕಟ್ಟಿಸಿಕೊಂಡು ಹೋದೆ.

ಅದೇ ಮನೆ, ಅದೇ ಒಲೆ, ಅದೇ ಅವ್ವ. ಕೂದಲು ಬೆಳ್ಳಗಾಗಿತ್ತು ಅಷ್ಟೇ. ಅಪ್ಪ ಹೊರಗೆ ಕಟ್ಟೆಯ ಮೇಲೆ ಕೆಮ್ಮುತ್ತಿದ್ದ. ಒಳಗಿನ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡ, ಅದರ ಮೇಲೆ ಅಜವಾನ ಚಟಪಟ ಎನ್ನುತ್ತಿತ್ತು. ಹೊಗೆಯಲ್ಲಿ ಅವಳ ಮುಖ ಅರ್ಧ ಕಂಡಿತು, ಅರ್ಧ ಕಾಣಲಿಲ್ಲ. ಕೂಸು ಸೀನಿತು. ತಲೆದಿಂಬಿನ ಕೆಳಗಿನಿಂದ ಒಂದು ಹಾಳೆ ತೆಗೆದು ಕೊಟ್ಟಳು. ಅಲ್ಲೇ ನಿಂತು ಓದಿದೆ.

‘ನಮ್ಮ ಅಕ್ಕೋರು ಸರಳ ಸಜ್ಜನಿಕೆಯ ಸಾಕಾರಮೂರ್ತಿ ಆಗಿದ್ದರು. ಅವರ ಬೋಧನೆಯು ಅಮೂಲ್ಯವಾಗಿತ್ತು. ಅವರ ಅಗಲಿಕೆಯು ತುಂಬಲಾರದ ನಷ್ಟವಾಗಿದೆ.’

ಹಾಳೆ ತಿರುಗಿಸಿ ನೋಡಿದೆ. ಹಿಂದೆ ಏನೂ ಇರಲಿಲ್ಲ.

‘ಇದು ನಿಂದಲ್ಲವಾ’ ಎಂದೆ.

‘ನಾನ ಬರದೀನ್ರಿ ಟೀಚರ್.’

‘ಪುಡಿಕೆ ನೆನಪಿಲ್ಲೇನು? ಅಜವಾನ? ಅಕ್ಕೋರು ನಿನ್ನ ಪಟ್ಟಿ ಮೂಸೂದು?’

ಅವಳು ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. ‘ಎಲ್ಲಾ ನೆನಪೈತ್ರಿ. ಅವತ್ತು ಅವರು ಗೇಟಿನ ಮುಂದ ಕಲ್ಲಿನ ಮ್ಯಾಲ ಕುಂತಿದ್ದು, ಹಣಿ ಬೆವರು ಮೂಗಿನ ತುದಿಗೆ ಬಂದು ನಿಂತಿದ್ದು, ಅದನ್ನ ಒರಸಿಕೊಳ್ಳದ ಹಂಗ ಕುಂತಿದ್ದು, ನಾ ಜಾಲಿ ಗಿಡದ ಹಿಂದ ನಿಂತು ನೋಡೀನ್ರಿ.’ ಕೂಸಿನ ಮೇಲೆ ಬಟ್ಟೆ ಎಳೆದು ಹೇಳಿದಳು, ‘ಅದನ್ನ ಬರಿಯಾಕ ಬರ್ತೈತ್ರಿ ನನಗ. ಬರಿಯಂಗಿಲ್ಲ. ಈ ಕೂಸಿನ ಅಪ್ಪ ಈಗ ಅದ ಕಾರ್ಖಾನಿಗೆ ಕೆಲಸಕ್ಕ ಹೋಗ್ತಾರ್ರಿ.’

ಒಲೆಯ ಮುಂದಿನಿಂದ ಅವ್ವ ನನ್ನನ್ನೇ ನೋಡುತ್ತಿದ್ದಳು. ನಾನು ಉಂಡಿಯ ಡಬ್ಬಿ ಕೊಟ್ಟು, ಹಾಳೆ ಮಡಚಿಕೊಂಡು ಹೊರಟೆ.

ಬಸ್ಸಿನಲ್ಲಿ ಅದನ್ನು ಬಿಚ್ಚಿ, ಅಕ್ಕೋರು ಮಾಡುತ್ತಿದ್ದ ಹಾಗೆ ಮೂಗಿಗೆ ಹಿಡಿದೆ. ಕಾಗದದ ತುಂಬ ಅಜವಾನದ ಹೊಗೆಯ ವಾಸನೆ. ಎಷ್ಟೋ ದಿನ ಆ ಕೋಣೆಯಲ್ಲಿ ತಲೆದಿಂಬಿನ ಕೆಳಗೆ ಇತ್ತಲ್ಲ, ಹಿಡಿದಿತ್ತು. ಪಕ್ಕದ ಸೀಟಿನವಳು ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು. ನಾನು ಗಿಣಿಗೇರಾದಿಂದ ಕೊಪ್ಪಳದವರೆಗೂ ಆ ಕಾಗದವನ್ನು ಮುಖದಿಂದ ತೆಗೆಯದೆ ಅತ್ತೆ.

ಮಾರನೆಯ ದಿನ ಹೆಡ್‌ಮಾಸ್ತರರ ಮನೆಗೆ ಒಯ್ದು ಕೊಟ್ಟೆ. ಕನ್ನಡಕ ಏರಿಸಿಕೊಂಡು ಓದಿದರು. ಮುಖ ಅರಳಿತು.

‘ವಾಹ್! ಬಂದ ಬರಹದಾಗೆಲ್ಲ ಇದ ಛಲೋ ಐತಿ ನೋಡ್ರಿ. ಶಿಷ್ಯೆ ಅಂದ್ರ ಹಿಂಗಿರಬೇಕು.’ ಆಮೇಲೆ ಹಾಳೆಯನ್ನು ಮುಖದಿಂದ ದೂರ ಹಿಡಿದು ಮೂಗು ಸಿಂಡರಿಸಿದರು. ‘ಎಲ್ಲಿ ಇಟ್ಟಿದ್ಲರಿ ಇದನ್ನ, ಹೊಗಿ ವಾಸನಿ ಹೊಡಿಯಾಕತ್ತೈತಿ. ಇರ್ಲಿ ಬಿಡ್ರಿ, ಟೈಪ್ ಮಾಡಿಸಿದ್ರ ಹೋಗ್ತೈತಿ.’